ಯಶವಂತಪುರದಿಂದ ಹೊರಡುವ ರಥ

ಗೋಲ್ಡನ್ ಚಾರಿಯಟ್ ಮಾರ್ಗದರ್ಶಿಗಳೊಡನೆ ಹಲವು ದಿನ ನಾಡು ಸುತ್ತಿಸುವ ಐಷಾರಾಮಿ ರೈಲು. 2008ರ ಜನವರಿಯಲ್ಲಿ ಅಂದಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಯಶವಂತಪುರ ನಿಲ್ದಾಣದಲ್ಲಿ ಇದಕ್ಕೆ ಚಾಲನೆ ನೀಡಿದರು. ಬೋಗಿಗಳಿಗೆ ಕದಂಬ, ಗಂಗ, ಹೊಯ್ಸಳ, ರಾಷ್ಟ್ರಕೂಟ ಮುಂತಾದ ರಾಜವಂಶಗಳ ಹೆಸರಿದೆ.

‘ಪ್ರೈಡ್ ಆಫ್ ಕರ್ನಾಟಕ’ ಎಂಬ ಪ್ರವಾಸ ಐದು ರಾತ್ರಿಗಳದು. ಬಂಡೀಪುರದ ಕಾಡು, ಮೈಸೂರಿನ ಅರಮನೆ, ಹಳೇಬೀಡಿನ ಶಿಲ್ಪ, ಚಿಕ್ಕಮಗಳೂರಿನ ಗಿರಿಸಾಲು, ಹಂಪಿಯ ಬಂಡೆಗುಡ್ಡ, ಐಹೊಳೆ-ಪಟ್ಟದಕಲ್ಲಿನ ಗುಡಿಗಳು, ಕೊನೆಗೆ ಗೋವಾ. ಪಯಣ ಹೆಚ್ಚಾಗಿ ರಾತ್ರಿ. ಹಗಲು ರೈಲಿನಿಂದಿಳಿದು ಬಸ್ಸಿನಲ್ಲಿ ಸ್ಥಳದರ್ಶನ. ಮಾರ್ಗದರ್ಶಿ ಹೇಳುವ ಇತಿಹಾಸದಿಂದಲೇ ಕಲ್ಲಿಗೆ ಅರ್ಥ ಬರುತ್ತದೆ.

ಇದರ ದರ ಎಲ್ಲರ ಕೈಗೆಟುಕುವಂಥದ್ದಲ್ಲ. ಆದರೆ ಸಾಮಾನ್ಯ ರೈಲು, ಬಸ್ಸುಗಳಲ್ಲೂ ಇದೇ ಊರುಗಳನ್ನು ನೋಡಬಹುದು. ಹೊರಡುವ ಮುನ್ನ ಊರಿನ ಚರಿತ್ರೆ ಓದಿಕೊಳ್ಳಿ. ಅಲ್ಲಿ ಸ್ಥಳೀಯ ಮಾರ್ಗದರ್ಶಿಯ ಮಾತಿಗೆ ಕಿವಿಗೊಡಿ.