ಪರದೇಶದ ಗಳಿಕೆಯೂ ಮುಂಬಯಿಯ ಕ್ರೆಡಿಟ್ ಕಾರ್ಡೂ



ಗೋರೆಗಾಂವ್, ಘಾಟ್‌ಕೋಪರ್, ಮೀರಾ ರೋಡ್ ಮೊದಲಾದೆಡೆಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಮತ್ತು ತುಳು ಕುಟುಂಬಗಳಲ್ಲಿ, ತಂದೆಯು ಹೋಟೆಲಿನಲ್ಲಿಯೋ ಗಿರಣಿಯಲ್ಲಿಯೋ ದುಡಿದು ಪುಟ್ಟದೊಂದು ಮನೆಯನ್ನು ಮಾಡಿಕೊಂಡ ತರುವಾಯ, ಮಗನು ಉದ್ಯೋಗಾರ್ಥವಾಗಿ ದುಬೈಗೋ ದೋಹಾಕ್ಕೋ ತೆರಳುವುದು, ಇಲ್ಲವೆ ಪರದೇಶದ ಹಡಗನ್ನೇರಿ ವರ್ಷದ ಬಹುಭಾಗವನ್ನು ಸಮುದ್ರದ ಮೇಲೆ ಕಳೆಯುವುದು ಈಗ ಅಪರೂಪವಲ್ಲ. ಇಂಥ ಮಗನು, ತನ್ನ ಸಂಬಳವು ತಂದೆಯ ಸಂಬಳದ ಹಲವು ಪಟ್ಟು ಇದ್ದಾಗ್ಯೂ, ರಜೆಯಲ್ಲಿ ಬಂದು ಇಲ್ಲಿನ ಬ್ಯಾಂಕಿನಲ್ಲಿ ಕ್ರೆಡಿಟ್ ಕಾರ್ಡಿಗೆ ಅರ್ಜಿ ಸಲ್ಲಿಸಿದಾಗ ನಿರಾಕರಣೆಯ ಉತ್ತರವನ್ನೇ ಪಡೆಯುವ ಸಂಭವವುಂಟು. ಇದು ಬರಿಯ ಪ್ರತಿಷ್ಠೆಯ ಪ್ರಶ್ನೆಯಲ್ಲ. ನಡುರಾತ್ರಿಯಲ್ಲಿ ವೃದ್ಧ ಮಾತಾಪಿತೃಗಳಲ್ಲೊಬ್ಬರನ್ನು ಆಸ್ಪತ್ರೆಗೆ ಸೇರಿಸುವಾಗ ಅಲ್ಲಿನವರು ಮುಂಗಡ ಹಣವನ್ನು ಕೇಳಿದರೆ, ಸಾವಿರಾರು ಮೈಲಿಗಳಾಚೆ ಇರುವ ಮಗನ ಗಳಿಕೆಯು ಆ ಕ್ಷಣದಲ್ಲಿ ಅವರ ಕೈಗೆ ಒದಗಬೇಕಾಗುತ್ತದೆ.

ನಿರಾಕರಣೆಗೆ ಕಾರಣವನ್ನು ಬ್ಯಾಂಕಿನವರ ಕಾಠಿಣ್ಯದಲ್ಲಿ ಹುಡುಕುವುದು ಸರಿಯಾಗದು. ಹಿಂದೆ ಚಾಳಿನ ಕೆಳಗಣ ಕಿರಾಣಿ ಅಂಗಡಿಯವನು, ತಿಂಗಳು ತಿಂಗಳೂ ಬಾಕಿ ತೀರಿಸಿದವರ ಹೆಸರನ್ನು ತನ್ನ ಪುಸ್ತಕದಲ್ಲಿ ನೋಡಿಯೇ ಉದ್ದರಿ ಕೊಡುತ್ತಿದ್ದಂತೆ, ಇಂದಿನ ಬ್ಯಾಂಕು ಸಾಲದ ದಾಖಲೆಯನ್ನು ನೋಡಿ ನಂಬುತ್ತದೆ. 2000ನೆಯ ಇಸವಿಯಲ್ಲಿ ಇದೇ ಮುಂಬಯಿಯಲ್ಲಿ ಸ್ಥಾಪಿತವಾದ ಸಿಬಿಲ್ ಮೊದಲಾದ ಸಂಸ್ಥೆಗಳು ನಮ್ಮ ದೇಶದ ಬ್ಯಾಂಕುಗಳು ಒಪ್ಪಿಸುವ ವಿವರಗಳಿಂದ ಈ ದಾಖಲೆಯನ್ನು ಸಿದ್ಧಪಡಿಸಿ, ಸಿಬಿಲಿನ ಲೆಕ್ಕದಲ್ಲಾದರೆ, 300ರಿಂದ 900ರವರೆಗಿನ ಒಂದು ಅಂಕವನ್ನು ಕೊಡುತ್ತವೆ. ದುಬೈಯಲ್ಲಿ ಹತ್ತು ವರ್ಷ ಒಂದು ದಿನವೂ ತಪ್ಪದಂತೆ ಕಾರ್ಡಿನ ಬಾಕಿ ತೀರಿಸಿದವನ ಸಚ್ಚಾರಿತ್ರ್ಯವು ಈ ದಾಖಲೆಯೊಳಗೆ ಪ್ರವೇಶಿಸುವುದೇ ಇಲ್ಲ. ಅವನ ಅಂಕ ಕಡಮೆಯಾಗಿರುವುದಿಲ್ಲ, ಅಂಕವೇ ಇರುವುದಿಲ್ಲ. ಅದರ ಮೇಲೆ, ಬಾಕಿ ನಿಂತರೆ ಪರರಾಜ್ಯದಲ್ಲಿರುವವನಿಂದ ವಸೂಲು ಮಾಡುವ ಕಷ್ಟವನ್ನೂ ಬ್ಯಾಂಕು ಎಣಿಸಿಕೊಳ್ಳುತ್ತದೆ.

ಇನ್ನು ಖಾತೆಗಳ ವಿಚಾರ. ಬಹು ಜನರು ಎಡವುವುದು ಇಲ್ಲಿಯೇ. 1999ರಲ್ಲಿ ಅಂಗೀಕೃತವಾಗಿ 2000ನೆಯ ಇಸವಿಯ ಜೂನ್ 1ರಿಂದ ಜಾರಿಗೆ ಬಂದ ವಿದೇಶೀ ವಿನಿಮಯ ನಿರ್ವಹಣಾ ಕಾಯಿದೆ, ಅಂದರೆ ಫೆಮಾ, ಉದ್ಯೋಗಕ್ಕಾಗಿ ದೇಶವನ್ನು ಬಿಟ್ಟವನನ್ನು ಅನಿವಾಸಿಯೆಂದು ಎಣಿಸುತ್ತದೆ. ಹೊರಟ ಉದ್ದೇಶವೇ ಅದಕ್ಕೆ ಮುಖ್ಯ. ಆದಾಯ ತೆರಿಗೆಯ ಕಾನೂನಾದರೋ ದಿನಗಳನ್ನು ಲೆಕ್ಕಹಾಕುತ್ತದೆ. ನೌಕರಿಗಾಗಿ ಹೊರಟ ಭಾರತೀಯನ ಮಟ್ಟಿಗೂ ಹಡಗಿನ ನಾವಿಕನ ಮಟ್ಟಿಗೂ ಅದರ ಗಡಿ ಸಾಮಾನ್ಯವಾಗಿ 182 ದಿನಗಳು. ಆದಕಾರಣ ತೆರಿಗೆಯ ಲೆಕ್ಕಕ್ಕೆ ನಿವಾಸಿಯಾದವನು ಫೆಮಾದ ದೃಷ್ಟಿಯಲ್ಲಿ ಅನಿವಾಸಿಯಾಗಿರಬಹುದು. ಅನಿವಾಸಿಯಾದ ಮೇಲೆ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಂಡು, ಹೊರಗಿನ ಸಂಪಾದನೆಯನ್ನು ಎನ್‌ಆರ್‌ಇ ಖಾತೆಗೆ ತರುವುದೇ ವಿಹಿತವಾದ ಮಾರ್ಗ. ಇಲ್ಲಿನ ಮನೆಬಾಡಿಗೆಯಂಥ ವರಮಾನವು ಎನ್‌ಆರ್‌ಒ ಖಾತೆಗೆ ಸೇರತಕ್ಕದ್ದು. ಹಳೆಯ ಖಾತೆಯನ್ನು ಇದ್ದಂತೆಯೇ ಇಟ್ಟುಕೊಂಡು ನಿವಾಸಿಯೆಂದು ಬರೆದು ಕಾರ್ಡು ಪಡೆಯಿರೆಂದು ಮಿತ್ರರು ಹೇಳಿಕೊಡುವುದುಂಟು. ಈ ಸಲಹೆಯನ್ನು ಯಾರೂ ಸ್ವೀಕರಿಸಬಾರದೆಂದು ನಾನು ಆಗ್ರಹಪೂರ್ವಕವಾಗಿ ಹೇಳಬಯಸುತ್ತೇನೆ. ಸುಳ್ಳು ಹೇಳಿಕೆಯ ಮೇಲೆ ನಿಂತ ಕಾರ್ಡು ಅತ್ಯಂತ ಅಗತ್ಯದ ವೇಳೆಯಲ್ಲಿಯೇ ಕೈಕೊಟ್ಟೀತು.

ಸಂಬಳದ ಪ್ರಮಾಣಪತ್ರ, ಅಲ್ಲಿನ ಬ್ಯಾಂಕಿನ ಲೆಕ್ಕಪಟ್ಟಿ, ವೀಸಾ, ಪಾಸ್‌ಪೋರ್ಟು, ಪ್ಯಾನ್ ಇವುಗಳನ್ನು ನೋಡಿಯೇ ಕಾರ್ಡು ಕೊಡುವ ಬ್ಯಾಂಕುಗಳಿವೆ. ಆದರೆ ದಾಖಲೆಯಿಲ್ಲದ ಅನಿವಾಸಿಗೆ ನಾನು ಹೆಚ್ಚು ನೆಚ್ಚುವ ಹಾದಿ ಮುದ್ದತು ಠೇವಣಿಯದು. ಎನ್‌ಆರ್‌ಇ ಖಾತೆಯ ಹಣದಲ್ಲಿ ಒಂದು ಠೇವಣಿಯನ್ನಿಟ್ಟು ಅದನ್ನು ಆಧಾರವಾಗಿ ಒಪ್ಪಿಸಿದರೆ, ಹಲವು ಬ್ಯಾಂಕುಗಳು ಠೇವಣಿಯ ಬಹ್ವಂಶದಷ್ಟು ಮಿತಿಯುಳ್ಳ ಕಾರ್ಡನ್ನು ಕೊಡುತ್ತವೆ. ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಕಾರ್ಡು ಇರುವವರೆಗೆ ಅದನ್ನು ಮುರಿಯುವಂತಿಲ್ಲ, ಅಷ್ಟೆ. ಸ್ವಂತ ಹಣವನ್ನೇ ಒತ್ತೆಯಿಟ್ಟು ಸಾಲ ಪಡೆಯುವುದೇಕೆಂದು ಕೆಲವರು ಸಂಕೋಚಪಡುತ್ತಾರೆ. ಆದರೆ ಈ ಕಾರ್ಡಿನ ಪ್ರತಿಯೊಂದು ಸಕಾಲದ ಪಾವತಿಯೂ ಸಿಬಿಲಿನ ದಾಖಲೆಯಲ್ಲಿ ನೆಲೆಗೊಳ್ಳುವುದರಿಂದ, ಮುಂದೆ ಮನೆ ಕೊಳ್ಳಲು ಸಾಲ ಬೇಡಿದಾಗ ಆ ಮಗನು ಅಪರಿಚಿತನಾಗಿ ನಿಲ್ಲಬೇಕಾಗುವುದಿಲ್ಲ.

ಮನೆಯವರ ಉಪಯೋಗಕ್ಕಾಗಿ ಅದೇ ಕಾರ್ಡಿನ ಮೇಲೆ ಉಪಕಾರ್ಡನ್ನು ಪಡೆಯಬಹುದು. ಅದರ ಬಾಕಿಯ ಹೊಣೆ ಮಾತ್ರ ಮೂಲ ಕಾರ್ಡುದಾರನದೇ. ಅನಿವಾಸಿಯು ಬಾಕಿಯನ್ನು ಹೊರನಾಡಿನಿಂದ ಕಳುಹಿಸಿದ ಹಣದಿಂದಾಗಲಿ, ತನ್ನ ಎನ್‌ಆರ್‌ಇ, ಎನ್‌ಆರ್‌ಒ ಮುಂತಾದ ಖಾತೆಗಳಿಂದಾಗಲಿ ತೀರಿಸಬೇಕು. ನಡುಸಮುದ್ರದಲ್ಲಿರುವ ನಾವಿಕನಿಗೆ ಗಡುವಿನ ದಿನ ನೆನಪಾಗುವುದೂ, ನೆನಪಾದರೂ ಫೋನಿಗೆ ಒಟಿಪಿ ತಲುಪುವುದೂ ಅನಿಶ್ಚಿತವಾದ್ದರಿಂದ, ಇಡೀ ಬಾಕಿಯು ಖಾತೆಯಿಂದ ತಾನಾಗಿಯೇ ಸಂದಾಯವಾಗುವಂತೆ ಹೊರಡುವ ಮುನ್ನವೇ ಬ್ಯಾಂಕಿಗೆ ಬರೆದುಕೊಟ್ಟಿರುವುದು ಕ್ಷೇಮ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತ ಹೋದರೆ, ಅನೇಕ ಕಾರ್ಡುಗಳಲ್ಲಿ ತಿಂಗಳಿಗೆ ನೂರಕ್ಕೆ 3 ರೂಪಾಯಿಗೂ ಮೇಲ್ಪಟ್ಟ ಬಡ್ಡಿ ಬೆಳೆಯುತ್ತದೆ. ವರ್ಷಕ್ಕೊಮ್ಮೆ ಪ್ರತಿ ದಾಖಲೆ ಸಂಸ್ಥೆಯಿಂದಲೂ ಪೂರ್ಣ ವರದಿಯನ್ನು ಶುಲ್ಕವಿಲ್ಲದೆ ಪಡೆಯುವ ಅಧಿಕಾರವನ್ನು ರಿಸರ್ವ್ ಬ್ಯಾಂಕು ಕೊಟ್ಟಿರುವುದರಿಂದ, ರಜೆಯ ದಿನಗಳಲ್ಲಿ ಅದನ್ನು ತರಿಸಿ ನೋಡಬಹುದು. ನೌಕರಿ ಮುಗಿಸಿ ಶಾಶ್ವತವಾಗಿ ಮರಳಿದ ಕೂಡಲೆ ಬ್ಯಾಂಕಿಗೆ ತಿಳಿಸಿದರೆ, ಎನ್‌ಆರ್‌ಇ ಖಾತೆಯು ನಿವಾಸಿಯ ಖಾತೆಯಾಗುತ್ತದೆ, ಇಲ್ಲವೆ ಅದರಲ್ಲಿನ ಹಣವು ಆರ್‌ಎಫ್‌ಸಿ ಎಂಬ ವಿದೇಶೀ ಹಣದ ಖಾತೆಗೆ ಹೋಗುತ್ತದೆ. ಅಷ್ಟು ವರ್ಷಗಳ ಪಾವತಿಯ ದಾಖಲೆಯಾದರೋ ಅವನ ಪ್ಯಾನಿನ ಹೆಸರಿನಲ್ಲಿಯೇ ಮುಂದುವರಿಯುತ್ತದೆ.