ದೀಪದೆಣ್ಣೆಗೆ ಹನ್ನೆರಡು ನಿವರ್ತನ: ಔಷಧಿ ಕಾರ್ಖಾನೆಯ ಕಟ್ಟಡ ಕುರಿತು



ಇಂಡಿಯಲ್ಲಿ ನಿಂತು ದತ್ತಿಯ ಮಾತಾಡುವವನು ಪಕ್ಕದ ಸಾಲೋಟಗಿಯನ್ನು ನೆನೆಯದೆ ಮುಂದೆ ಹೋಗಲಾರ. ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲೊಂದು ವಿದ್ಯಾಶಾಲೆ ಕಟ್ಟಿಸಿದ. ದೂರದ ನಾಡುಗಳಿಂದ ಓದಲು ಬಂದವರ ವಸತಿಗೆ 27 ಮನೆಗಳಿದ್ದವು. ಆ ಶಾಸನದ ವಿವರ ಓದುವಾಗ ನನ್ನ ಕಣ್ಣು ನಿಂತದ್ದು ಒಂದು ಸಣ್ಣ ಸಂಗತಿಯ ಮೇಲೆ. ದೀಪದ ಖರ್ಚಿಗೆಂದೇ 12 ನಿವರ್ತನ ಭೂಮಿಯನ್ನು ಬೇರೆಯಾಗಿ ಬಿಟ್ಟಿದ್ದಾರೆ. ಮದುವೆ, ಮುಂಜಿ ನಡೆದಾಗ ಊರವರು ಶಾಲೆಗೆ ಇಷ್ಟು ಸಲ್ಲಿಸಬೇಕೆಂಬ ಕಟ್ಟಳೆಯೂ ಇದೆ. ಗೋಡೆ ಎದ್ದು ನಿಂತ ಮರುದಿನದಿಂದ ಖರ್ಚು ಶುರುವಾಗುತ್ತದೆಂದು ಕಟ್ಟಿಸಿದವರಿಗೆ ಗೊತ್ತಿತ್ತು.

ನಾನು ಔಷಧಿ ಕಾರ್ಖಾನೆ ಕಟ್ಟುವ ಇಂಜಿನಿಯರ್. ಬೇರೆ ಕಟ್ಟಡಗಳು ಒಳಗಿನ ಸರಕನ್ನು ಇಡುವ ಪೆಟ್ಟಿಗೆ ಇದ್ದಂತೆ. ಚುಚ್ಚುಮದ್ದು ತಯಾರಿಸುವ ಕಟ್ಟಡ ಹಾಗಲ್ಲ, ಅದು ಔಷಧಿಯ ಒಂದು ಭಾಗವೇ. ಔಷಧಿ ತುಂಬುವ ಜಾಗದ ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳು 3,520 ದಾಟಬಾರದು. ಅರ್ಧ ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲು. ಸುಮ್ಮನೆ ನಿಂತವನ ಮೈಯಿಂದಲೂ ಅಂಥ ಕಣಗಳು ಉದುರುತ್ತಲೇ ಇರುತ್ತವೆ. ಅದಕ್ಕೇ ಸೂರಿನ ಫಿಲ್ಟರಿನಿಂದ ಸೋಸಿದ ಗಾಳಿ ಹಗಲಿರುಳು ಇಳಿಯುತ್ತಿರಬೇಕು. ಒಳಕೋಣೆಯ ಗಾಳಿಯ ಒತ್ತಡ ಹೊರಕೋಣೆಗಿಂತ 10–15 ಪಾಸ್ಕಲ್ ಹೆಚ್ಚಿರಬೇಕು. ನೀರಿನ ಮಟ್ಟದಲ್ಲಿ ಅಳೆದರೆ ಇದು ಹೆಚ್ಚೆಂದರೆ ಒಂದೂವರೆ ಮಿಲಿಮೀಟರು. ಬಾಗಿಲು ತೆರೆದಾಗ ಧೂಳು ಒಳಗೆ ಬಾರದಂತೆ ತಡೆಯುವುದು ಇಷ್ಟೇ ಇಷ್ಟು ಒತ್ತಡ. ಜೀವಂತ ರೋಗಾಣು ಬಳಸುವ ಕೋಣೆಯಲ್ಲಿ ಲೆಕ್ಕ ತಿರುವುಮುರುವು: ಒಳಗೆ ಒತ್ತಡ ಕಡಿಮೆ, ರೋಗಾಣು ಹೊರಗೆ ಹೋಗಬಾರದು. ಚುಚ್ಚುಮದ್ದಿನ ನೀರು ಕೊಳವೆಯಲ್ಲಿ ನಿಲ್ಲುವಂತಿಲ್ಲ. 70–80 ಡಿಗ್ರಿ ಬಿಸಿಯಲ್ಲಿ ಸುತ್ತುತ್ತಲೇ ಇರಬೇಕು. ನಿಂತರೆ ಬ್ಯಾಕ್ಟೀರಿಯ ಕೊಳವೆಗೆ ಅಂಟಿ ಲೋಳೆ ಕಟ್ಟುತ್ತದೆ. ಕರೆಂಟು ಹೋದ ಹತ್ತು ನಿಮಿಷದಲ್ಲಿ ಇಡೀ ದಿನದ ಸರಕು ಹಾಳಾಗಬಹುದು. ನಿಲ್ಲದ ಈ ಗಾಳಿ, ನೀರು, ಕರೆಂಟಿನ ಖರ್ಚೇ ನಮ್ಮ ಕಾಲದ ದೀಪದೆಣ್ಣೆ.

ಇದು ಶ್ರೀಮಂತರ ನಾಜೂಕುತನವೆಂದು ದಯವಿಟ್ಟು ತಿಳಿಯಬೇಡಿ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅವರಿಗೆ ಏರಿಸಿದ್ದ ಸಲೈನಿನ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆ ನಿಲ್ಲಿಸಿತು. ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಕಟ್ಟಿದ ಕೋಣೆಗಳನ್ನೆಲ್ಲ ಮನಸ್ಸಿನಲ್ಲೇ ಒಂದೊಂದಾಗಿ ನಡೆದು ನೋಡಿದೆ.

ಅವುಗಳಲ್ಲಿ ಒಂದು ಕೋಣೆಯನ್ನು ಮರೆಯಲಾರೆ. ನೆಲಕ್ಕೆ ಎಪಾಕ್ಸಿ ಹಾಕಬೇಕಿತ್ತು. ಸಂದು ಇಲ್ಲದ ಒಂದೇ ಹಾಸು. ಗೋಡೆ ಸೇರುವಲ್ಲಿ ಮೂಲೆಯಿಲ್ಲದೆ ಬಾಗಿ ಮೇಲೇರುವಂಥದು. ಉದ್ಘಾಟನೆಯ ದಿನ ನಿಗದಿಯಾಗಿತ್ತು, ನನಗೆ ಅವಸರ. ಸಿಂದಗಿ ಕಡೆಯ ಹಿರಿಯ ಗೌಂಡಿಯೊಬ್ಬರು ಹಿಂದಿನ ಸಂಜೆ ಕಾಂಕ್ರೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕೂ ಅಂಚಿಗೆ ಟೇಪು ಅಂಟಿಸಿದ್ದರು. ಬೆಳಿಗ್ಗೆ ಕೈಹಿಡಿದು ಕರೆದೊಯ್ದು ತೋರಿಸಿದರು. ಹಾಳೆಯ ಒಳಮೈಯಲ್ಲಿ ಹನಿಗಳು. "ಸಾಹೇಬ್ರ, ನೆಲ ಇನ್ನಾ ಹಸಿ ಐತ್ರಿ. ಈಗ ಹಾಕಿದ್ರ ಬೊಬ್ಬಿ ಏಳ್ತದ" ಎಂದರು. ನಾನು ಕೇಳಲಿಲ್ಲ. ಎರಡು ತಿಂಗಳಲ್ಲಿ ಬೊಬ್ಬೆ ಎದ್ದವು, ಒಡೆದವು. ಒಡೆದಲ್ಲೆಲ್ಲ ಕರಿ ಬೂಷ್ಟು. ಕೋಣೆ ಮುಚ್ಚಿ ಪೂರ್ತಿ ನೆಲ ಕಿತ್ತು ಹಾಕಿದೆವು. ತಪ್ಪು ನನ್ನದೇ.

ನಮ್ಮ ಎರೆ ಭೂಮಿಯಲ್ಲಿ ಇಂಥ ನೆಲ ನಿಲ್ಲಿಸುವುದು ಇನ್ನೂ ಕಷ್ಟ. ಮಳೆಗೆ ಉಬ್ಬುವ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುವ ಮಣ್ಣಿದು. ಮನೆಯ ಗೋಡೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟರೆ ಸುಣ್ಣ ಬಳಿಯುತ್ತೇವೆ. ಔಷಧಿ ತುಂಬುವ ಕ್ಲೀನ್‌ರೂಮಿನಲ್ಲಿ ಅದೇ ಬಿರುಕಿನಿಂದ ಒತ್ತಡ ಸೋರುತ್ತದೆ, ಬೂಷ್ಟು ಮನೆ ಮಾಡುತ್ತದೆ. ಎರೆಯನ್ನು ಗಟ್ಟಿ ಪದರದವರೆಗೆ ತೆಗೆದು ಗರಸು ತುಂಬಿ ದಮ್ಮಸು ಮಾಡಬೇಕು, ಇಲ್ಲವೆ ಬುಡದಲ್ಲಿ ಗಡ್ಡೆಯಂತೆ ಅಗಲಿಸಿದ ಪೈಲುಗಳ ಮೇಲೆ ಕಟ್ಟಡ ನಿಲ್ಲಿಸಬೇಕು. ಖರ್ಚು ಬರುತ್ತದೆ, ಆದರೆ ಅಸಾಧ್ಯವೇನಲ್ಲ.

ಹಾಗಾದರೆ ಇಂಥ ಕಾರ್ಖಾನೆಗೆ ಬೇಕಾದದ್ದು ನಮ್ಮಲ್ಲಿ ಏನಿದೆ? ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 2,400 ಮೆಗಾವಾಟಿನ ವಿದ್ಯುತ್ ಸ್ಥಾವರ. ಅದರ ಹತ್ತಿರದಲ್ಲೇ ಆಲಮಟ್ಟಿಯ ನೀರು. ಇಂಡಿ, ಸಿಂದಗಿಯ ಅಂಚಿಗೆ ಭೀಮೆ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮನ್ನಣೆ ಸಿಕ್ಕಿತು. ಲಿಂಬೆಯ ಸಿಪ್ಪೆಯಿಂದ ತೆಗೆಯುವ ಪೆಕ್ಟಿನ್ ಔಷಧಿ ತಯಾರಿಕೆಗೂ ಬೇಕಾದ ವಸ್ತು. ಚುಚ್ಚುಮದ್ದಿನ ಕಾರ್ಖಾನೆಗೆ ಹಾತೊರೆಯುವ ಬದಲು ಪೆಕ್ಟಿನ್ ಘಟಕ, ಅದರ ಜೊತೆಗೊಂದು ಪರೀಕ್ಷಾಲಯದಿಂದ ಶುರು ಮಾಡುವುದು ನಮಗೆ ಹೊಂದುತ್ತದೆಂದು ನನ್ನ ಗಟ್ಟಿ ನಂಬಿಕೆ. ಆದರೆ ಸಿಪ್ಪೆ ತೊಳೆದ ಹುಳಿನೀರು ಎಲ್ಲಿಗೆ ಹೋಗುತ್ತದೆ ಎಂಬುದು ಅಡಿಗಲ್ಲಿಗೆ ಮುಂಚೆ ತೀರ್ಮಾನವಾಗಲಿ. ಭೀಮೆಗೆ ಬಿಡುವ ಯೋಚನೆಯಿದ್ದರೆ ಆ ಕಾರ್ಖಾನೆಯೇ ಬೇಡ.

ಕನ್ನಡ ನಾಡಿಗೆ ಔಷಧಿ ತಯಾರಿಸುವ ಕೆಲಸ ಹೊಸದಲ್ಲ. ದನಗಳ ದೊಡ್ಡರೋಗ ತಡೆಯಲು ಮೈಸೂರು ಸಂಸ್ಥಾನ 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸೀರಮ್ ಸಂಸ್ಥೆ ತೆರೆಯಿತು. ಆ ರೋಗ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಣೆಯಾಯಿತು. ಹೆಬ್ಬಾಳದಲ್ಲಿ ಇಂದಿಗೂ ಜಾನುವಾರುಗಳ ಲಸಿಕೆ ತಯಾರಾಗುತ್ತಿದೆ. ನೂರು ವರ್ಷ ಅದರ ದೀಪಕ್ಕೆ ಎಣ್ಣೆ ಹಾಕಿದವರಿದ್ದರು.

ನಮ್ಮಲ್ಲಿ ಕೈಗಳಿಗೂ ಕೊರತೆಯಿಲ್ಲ, ಅವು ಊರಲ್ಲಿಲ್ಲ ಅಷ್ಟೆ. ಮುದ್ದೇಬಿಹಾಳ, ಸಿಂದಗಿಯಿಂದ ಗುಳೆ ಹೊರಟವರನ್ನು ನಾನು ಗೋವಾದ ವೆರ್ನಾದಲ್ಲಿ ಕಂಡಿದ್ದೇನೆ, ಬೆಂಗಳೂರಿನ ಬೊಮ್ಮಸಂದ್ರದಲ್ಲಿ ಕಂಡಿದ್ದೇನೆ. ಔಷಧಿ ಕಾರ್ಖಾನೆಗಳಿಗೆ ಬುನಾದಿ ತೋಡುವವರು, ನೆಲ ಹಾಸುವವರು ಅವರು. ಕಟ್ಟಡ ಮುಗಿದ ದಿನ ಅವರ ತಗಡಿನ ಶೆಡ್ಡು ಕಿತ್ತುಹಾಕುತ್ತಾರೆ. ತಾವೇ ನುಣುಪು ಮಾಡಿದ ನೆಲದ ಮೇಲೆ ಅವರು ಮತ್ತೆ ಕಾಲಿಡುವುದಿಲ್ಲ. ನಮ್ಮ ನಾಲ್ಕು ತಾಲ್ಲೂಕುಗಳ ಐಟಿಐಗಳಲ್ಲಿ ಎಪಾಕ್ಸಿ ನೆಲ, ಸ್ಟೀಲು ಕೊಳವೆಯ ಬೆಸುಗೆ, ಫಿಲ್ಟರಿನ ಪರೀಕ್ಷೆ ಇವನ್ನು ಕಲಿಸಬಾರದೇಕೆ? ಆಗ ಕಟ್ಟಡ ಮುಗಿದ ಮೇಲೂ ಅದನ್ನು ನೋಡಿಕೊಳ್ಳುವ ಕೆಲಸ ನಮ್ಮ ಹುಡುಗರಿಗೇ ಸಿಕ್ಕೀತು.

ಕಾರಹುಣ್ಣಿಮೆಗೆ ಊರಿಗೆ ಬಂದಿದ್ದ ಆ ಹಿರಿಯ ಗೌಂಡಿಯನ್ನು ಕಂಡು ಇದನ್ನೇ ಕೇಳಿದೆ. ಅವರು ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತಿದ್ದರು. ಹುಡುಗರಿಗೆ ನೆಲದ ಕೆಲಸ ಕಲಿಸಿಕೊಡುತ್ತೀರಾ ಎಂದೆ.

"ಕಲಸ್ತೇನ್ರಿ, ಯಾಕ ಕಲಸಂಗಿಲ್ಲ" ಎಂದರು. ಓಣಿಯ ಆ ತುದಿಯವರೆಗೆ ಕಣ್ಣು ಹಾಯಿಸಿ, "ಆದ್ರ ಸಾಹೇಬ್ರ, ಕಲಿಯೂ ಹುಡುಗೂರು ಎಲ್ಲಾ ಗೋವಾದಾಗ ಅದಾರ್ರಿ" ಎಂದರು.