ಕಾರ್ಖಾನೆಯ ಹೆಬ್ಬಾಗಿಲು



‘ಪೋರ್ಟಲ್’ ಎಂಬ ಮಾತಿನ ಮೂಲಾರ್ಥ ಹೆಬ್ಬಾಗಿಲು. ಒಂದು ಮೋಟಾರು ಕಾರಿಗೆ ಸಾವಿರಾರು ಬಿಡಿಭಾಗಗಳು ಬೇಕು. ಅವುಗಳನ್ನು ತಯಾರಿಸುವವರು ಹಲವು ಊರುಗಳವರು. ನಕ್ಷೆ ಬದಲಾದರೆ, ಬೇಡಿಕೆ ಕುಗ್ಗಿದರೆ, ಆ ಸುದ್ದಿ ಅವರೆಲ್ಲರಿಗೂ ಏಕಕಾಲಕ್ಕೆ ತಲುಪಬೇಕಷ್ಟೆ.

2000ದಲ್ಲಿ ಜನರಲ್ ಮೋಟಾರ್ಸ್, ಫೋರ್ಡ್, ಡೈಮ್ಲರ್‌ಕ್ರೈಸ್ಲರ್ ಮೊದಲಾದ ಸಂಸ್ಥೆಗಳು ಕೂಡಿ, ‘ಕೋವಿಸಿಂಟ್’ ಎಂಬ ಅಂತರಜಾಲದ ಹೆಬ್ಬಾಗಿಲನ್ನು ತೆರೆದವು. ಆದರೆ ಬಿಡಿಭಾಗಗಳ ಬೆಲೆಯನ್ನು ಇಳಿಸುವ ಹರಾಜೂ ಅಲ್ಲಿಯೇ ನಡೆಯತೊಡಗಿತು. ತಮ್ಮ ಲಾಭಕ್ಕೆ ಕತ್ತರಿ ಬೀಳುವುದೆಂದು ಶಂಕಿಸಿ ಅನೇಕ ಪೂರೈಕೆದಾರರು ಹಿಂಜರಿದರು. 2004ರ ವೇಳೆಗೆ ಸಂಸ್ಥೆಯೇ ಪರರ ಕೈಸೇರಿತು. ಹರಾಜು ಕಳಚಿಹೋಯಿತು, ಮಾಹಿತಿ ವಿನಿಮಯದ ಕೆಲಸ ಮಾತ್ರ ಮುಂದೆಯೂ ಬಾಳಿತು.

ಬಾಗಿಲು ತೆರೆದರೆ ಸಾಲದು. ಒಳಬಂದವನನ್ನು ನೆಂಟನಂತೆ ಕಾಣಬೇಕು. ಯಂತ್ರಯುಗಕ್ಕೂ ಈ ಗೃಹಸ್ಥಧರ್ಮ ತಪ್ಪಿದ್ದಲ್ಲ.